ತುಂಡಾದ ಕಾಡು, ಪ್ರಾಣಿಗಳ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಡುಗಳು ತುಂಡಾಗುತ್ತಿರುವುದರ ಬಗ್ಗೆಯೂ, ಅದರಿಂದ ಪ್ರಾಣಿಗಳಿಗೆ ಏನಾಗುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕುವ ಬಗೆಯ ಕುರಿತೂ ಹಲವು ಓದುಗರು ಬರೆದಿದ್ದಾರೆ. ಒಂದರೊಡನೊಂದು ಹೆಣೆದುಕೊಂಡ ಪ್ರಶ್ನೆಗಳಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಾಡು ತುಂಡಾದರೆ ಸಿಂಗಳೀಕಗಳ ಗತಿ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ‘ಮಾದರಿ’ ತಯಾರಿಸಿ ಹೇಳುತ್ತಾರೆಂದು ಓದಿದೆ. ಪ್ರಾಣಿ ಇರುವುದು ಕಾಡಿನಲ್ಲಿ. ಅದರ ಬದುಕು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಈ ಮಾದರಿಯೊಳಗೆ ನಿಜವಾಗಿ ಇರುವುದೇನು?
*– ಓದುಗರು, ಶಿರಸಿ*

ಉತ್ತರ: ಒಂದು ಜಾಗದಲ್ಲಿ ಎಷ್ಟು ಮರಿಗಳು ಹುಟ್ಟುತ್ತವೆ, ಎಷ್ಟು ಪ್ರಾಣಿಗಳು ಸಾಯುತ್ತವೆ, ಹೊರಗಿನಿಂದ ಎಷ್ಟು ಬಂದು ಸೇರುತ್ತವೆ, ಅಲ್ಲಿಂದ ಎಷ್ಟು ಹೊರಟುಹೋಗುತ್ತವೆ – ಎಷ್ಟೇ ಜಟಿಲವಾದ ಮಾದರಿಯನ್ನು ಬಿಚ್ಚಿ ನೋಡಿದರೂ ಒಳಗೆ ಸಿಗುವುದು ಈ ನಾಲ್ಕು ಪ್ರಶ್ನೆಗಳೇ. ಕಾಡು ತುಂಡಾದಾಗ ಈ ನಾಲ್ಕೂ ಬದಲಾಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ನಿಮ್ಮ ಕಡೆಯ ಸಿಂಗಳೀಕವನ್ನೇ ನೋಡಿ. ಹೆಣ್ಣು ಒಂದು ಬಾರಿಗೆ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ವರ್ಷಗಟ್ಟಲೆ ಕಾಯಬೇಕು. ಬದುಕೆಲ್ಲ ಮರದ ನೆತ್ತಿಯ ಮೇಲೆಯೇ ಕಳೆಯುವುದರಿಂದ ನೆಲಕ್ಕಿಳಿದು ಬಯಲು ದಾಟುವುದು ಅಪರೂಪ. ಅಂದರೆ ಹುಟ್ಟು ನಿಧಾನ, ಹೊರಗಿನಿಂದ ಬರುವುದು ಕಷ್ಟ. ಇಂಥ ಪ್ರಾಣಿಯ ಒಂದು ಗುಂಪು ಸಣ್ಣ ಕಾಡೊಂದರಲ್ಲಿ ಸಿಕ್ಕಿಹಾಕಿಕೊಂಡರೆ, ನಾಲ್ಕಾರು ಸಾವುಗಳ ಏರುಪೇರನ್ನೂ ತುಂಬಿಕೊಳ್ಳಲು ಅದಕ್ಕೆ ಬಹಳ ಕಾಲ ಬೇಕಾಗುತ್ತದೆ.

ಈ ಬಗೆಯ ಚಿಂತನೆಯ ಮೊದಲ ದೊಡ್ಡ ಹೆಜ್ಜೆಯನ್ನು ಇಟ್ಟವರು ಅಮೆರಿಕದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್. ಸಮುದ್ರದ ದ್ವೀಪವೊಂದರಲ್ಲಿ ಎಷ್ಟು ಪ್ರಭೇದಗಳಿರುತ್ತವೆ ಎಂಬುದು ಹೊಸದಾಗಿ ಬಂದು ನೆಲೆಸುವ ಮತ್ತು ಇದ್ದವು ಅಳಿಯುವ ದರಗಳ ನಡುವಿನ ಸಮತೋಲನದಿಂದ ನಿರ್ಧಾರವಾಗುತ್ತದೆ, ದೊಡ್ಡ ದ್ವೀಪದಲ್ಲಿ ಅಳಿವು ಕಡಿಮೆ, ಮುಖ್ಯಭೂಮಿಗೆ ಹತ್ತಿರದ ದ್ವೀಪಕ್ಕೆ ಆಗಮನ ಹೆಚ್ಚು ಎಂದು ಅವರು 1967ರಲ್ಲಿ ವಾದಿಸಿದರು. ವಿಸ್ತೀರ್ಣಕ್ಕೂ ಪ್ರಭೇದಗಳ ಸಂಖ್ಯೆಗೂ ಇರುವ ಸಂಬಂಧವನ್ನು ಹೇಳುವ ಹಳೆಯ ಸೂತ್ರವೊಂದಿದೆ. ಅದರಲ್ಲಿ ವಿಸ್ತೀರ್ಣಕ್ಕೆ ಹಾಕುವ ಘಾತವನ್ನು (ಪವರ್) 0.25 ಎಂದಿಟ್ಟುಕೊಂಡರೆ, ಕಾಡಿನ ಹತ್ತರಲ್ಲಿ ಒಂಬತ್ತು ಪಾಲು ಹೋದಾಗ ಪ್ರಭೇದಗಳಲ್ಲಿ ಸರಿಸುಮಾರು ಅರ್ಧದಷ್ಟು ಉಳಿಯುತ್ತವೆ ಎಂಬ ಉತ್ತರ ಬರುತ್ತದೆ. ಆದರೆ ಕಾಡಿನ ತುಣುಕನ್ನು ದ್ವೀಪವೆಂದು ಎಣಿಸುವುದರಲ್ಲಿ ಒಂದು ತೊಡಕಿದೆ. ಶಿರಸಿಯ ಕಾಡಿನ ಸುತ್ತ ಇರುವುದು ಸಮುದ್ರವಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗದ್ದೆ, ಅಕೇಶಿಯಾ ನೆಡುತೋಪು, ರಸ್ತೆ ಎಲ್ಲವೂ ಇವೆ, ಮತ್ತು ಇವೆಲ್ಲವೂ ಪ್ರಾಣಿಗೆ ಸಮಾನವಲ್ಲ. ಇದಕ್ಕೆ ಮುಂದಿನ ಉತ್ತರದಲ್ಲಿ ಬರುತ್ತೇನೆ.

ಎರಡನೆಯ ಹೆಜ್ಜೆ 1969ರಲ್ಲಿ ರಿಚರ್ಡ್ ಲೆವಿನ್ಸ್ ಅವರದು. ಅವರ ತಲೆಯಲ್ಲಿದ್ದುದು ವನ್ಯಜೀವಿಗಳಲ್ಲ, ಬೆಳೆಗೆ ಕಾಟ ಕೊಡುವ ಕೀಟಗಳು ಎಂಬುದನ್ನು ಇಲ್ಲಿ ಹೇಳದೆ ಇರಲಾಗುವುದಿಲ್ಲ. ಕೀಟವನ್ನು ಅಳಿಸಲು ಹುಡುಕಿದ ದಾರಿಯೇ ಮುಂದೆ ಪ್ರಾಣಿಯನ್ನು ಉಳಿಸುವವರ ಕೈಗೆ ಬಂತು. ಅವರ ಪ್ರಕಾರ, ತುಣುಕುಗಳ ಒಂದು ಸಮೂಹದಲ್ಲಿ ಇಂದು ಇಲ್ಲಿ ಸಂತತಿ ಅಳಿಯುತ್ತದೆ, ನಾಳೆ ಪಕ್ಕದ ತುಣುಕಿನಿಂದ ಬಂದ ಪ್ರಾಣಿಗಳು ಮತ್ತೆ ಅಲ್ಲಿ ನೆಲೆಸುತ್ತವೆ. ಎಲ್ಲ ತುಣುಕುಗಳೂ ಒಟ್ಟಿಗೆ ಬರಿದಾಗದಿರುವವರೆಗೆ ಪ್ರಭೇದ ಉಳಿಯುತ್ತದೆ. ಲೆಕ್ಕ ಸರಳವಾಗಿದೆ: ಯೋಗ್ಯವಾಗಿ ಉಳಿದಿರುವ ತುಣುಕುಗಳ ಪಾಲಿನಿಂದ, ಅಳಿವಿನ ದರಕ್ಕೂ ನೆಲೆಸುವ ದರಕ್ಕೂ ಇರುವ ಅನುಪಾತವನ್ನು ಕಳೆದರೆ, ಕಾಲಾನಂತರದಲ್ಲಿ ಎಷ್ಟು ಪಾಲಿನಲ್ಲಿ ಪ್ರಾಣಿ ಇರುತ್ತದೆಂದು ಸಿಗುತ್ತದೆ. ಅಳಿವಿನ ದರ 0.10, ನೆಲೆಸುವ ದರ 0.25 ಎಂದು ಊಹಿಸಿಕೊಳ್ಳಿ, ಅನುಪಾತ 0.4 ಆಗುತ್ತದೆ. ಎಲ್ಲ ತುಣುಕುಗಳೂ ಚೆನ್ನಾಗಿದ್ದರೆ ನೂರರಲ್ಲಿ 60 ತುಣುಕುಗಳಲ್ಲಿ ಪ್ರಾಣಿ ಇರುತ್ತದೆ. ನೂರರಲ್ಲಿ 40 ತುಣುಕುಗಳನ್ನು ಕಡಿದರೆ ಪ್ರಾಣಿ ಉಳಿಯುವುದು 20 ತುಣುಕುಗಳಲ್ಲಿ ಮಾತ್ರ. 60 ತುಣುಕುಗಳನ್ನು ಕಡಿದರೆ, ಇನ್ನೂ 40 ಒಳ್ಳೆಯ ತುಣುಕುಗಳು ಕಣ್ಣೆದುರಿಗೇ ಇದ್ದರೂ ಪ್ರಾಣಿ ಕೊನೆಗೆ ಎಲ್ಲಿಯೂ ಇರುವುದಿಲ್ಲ. ಕಾಡು ಪೂರ್ತಿ ಹೋಗುವ ಬಹಳ ಮುಂಚೆಯೇ ಪ್ರಾಣಿ ಹೋಗಬಹುದು ಎಂಬ ಈ ಮಾತು ಯಾರ ಭಾವುಕತೆಯಿಂದಲೂ ಹುಟ್ಟಿದ್ದಲ್ಲ, ಕೂಡಿ ಕಳೆದು ಬಂದದ್ದು.

ಲೆವಿನ್ಸ್ ಅವರ ಲೆಕ್ಕದಲ್ಲಿ ಎಲ್ಲ ತುಣುಕುಗಳೂ ಒಂದೇ ಅಳತೆಯವು, ಒಂದೇ ದೂರದಲ್ಲಿರುವಂಥವು. ಇದನ್ನು ನಿಜವಾದ ನಕ್ಷೆಗೆ ತಂದವರು ಫಿನ್‌ಲೆಂಡಿನ ಇಲ್ಕ ಹನ್ಸ್ಕಿ. ಆಲಂಡ್ ದ್ವೀಪಸಮೂಹದಲ್ಲಿ ಸುಮಾರು 4,000 ಸಣ್ಣ ಹುಲ್ಲುಗಾವಲುಗಳಲ್ಲಿ ಹರಡಿಕೊಂಡಿರುವ ಒಂದು ಜಾತಿಯ ಚಿಟ್ಟೆಯನ್ನು ಅವರ ತಂಡ 1990ರ ದಶಕದಿಂದ ವರ್ಷ ವರ್ಷವೂ ಎಣಿಸುತ್ತ ಬಂತು. 1994ರಲ್ಲಿ ಹನ್ಸ್ಕಿ ಮುಂದಿಟ್ಟ ಮಾದರಿಯಲ್ಲಿ ತುಣುಕು ದೊಡ್ಡದಾದಷ್ಟೂ ಅಳಿವಿನ ಸಂಭವ ಇಳಿಯುತ್ತದೆ, ನೆರೆಯ ತುಣುಕುಗಳು ಹತ್ತಿರವಿದ್ದಷ್ಟೂ, ದೊಡ್ಡವಾಗಿದ್ದಷ್ಟೂ ಮರಳಿ ನೆಲೆಸುವ ಸಂಭವ ಏರುತ್ತದೆ. ದೂರದ ಪರಿಣಾಮ ನೇರ ಗೆರೆಯಂತೆ ಇಳಿಯುವುದಿಲ್ಲ. ಒಂದು ಜೀವಿ ಸರಾಸರಿ ಒಂದು ಕಿಲೋಮೀಟರ್ ಚಲಿಸುತ್ತದೆ ಎಂದಾದರೆ, ಒಂದು ಕಿ.ಮೀ. ದೂರದ ನೆರೆಯ ಕೊಡುಗೆ, ಅದು ಪಕ್ಕದಲ್ಲೇ ಇದ್ದಿದ್ದರೆ ಸಿಗುತ್ತಿದ್ದುದರಲ್ಲಿ ಸುಮಾರು ನೂರಕ್ಕೆ 37, ಮೂರು ಕಿ.ಮೀ. ದೂರದ್ದು ಕೇವಲ 5.

ಇನ್ನು ಕಂಪ್ಯೂಟರಿಗೆ ಈ ದರಗಳು ಎಲ್ಲಿಂದ ಬರುತ್ತವೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಅವು ಬರುವುದು ಕಾಡಿನಲ್ಲಿ ನಡೆದವರಿಂದ. ತುಣುಕುಗಳಿಗೆ ಮತ್ತೆ ಮತ್ತೆ ಹೋಗಿ ಪ್ರಾಣಿ ಅಥವಾ ಅದರ ಹೆಜ್ಜೆ, ಲದ್ದಿ, ಕೂಗು ಸಿಕ್ಕಿತೋ ಇಲ್ಲವೋ ಎಂದು ದಾಖಲಿಸಿದವರಿಂದ. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಾಣಿ ಇದ್ದರೂ ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಂಭವ ನೂರಕ್ಕೆ 30 ಎಂದಿಟ್ಟುಕೊಂಡರೆ, ಐದು ಬಾರಿ ಹೋಗಿ ಬಂದ ಮೇಲೂ ಅದನ್ನು ಒಮ್ಮೆಯೂ ಕಾಣದಿರುವ ಸಂಭವ ಸುಮಾರು ನೂರಕ್ಕೆ 17. ಅಂಥ ಕಡೆಗಳನ್ನೆಲ್ಲ ‘ಇಲ್ಲ’ ಎಂದು ಬರೆದುಕೊಂಡರೆ, ಇಲ್ಲದ ಅಳಿವನ್ನು ನಾವೇ ಕಾಗದದ ಮೇಲೆ ಹುಟ್ಟಿಸಿದಂತಾಗುತ್ತದೆ. ಕಂಡದ್ದು ಎಷ್ಟು, ಕಾಣದೆ ಉಳಿದದ್ದು ಎಷ್ಟು ಎಂಬೆರಡನ್ನೂ ಒಟ್ಟಿಗೆ ಅಂದಾಜಿಸುವ ವಿಧಾನವನ್ನು ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಮೇಲೆ, ಒಳ್ಳೆಯ ಸಮೀಕ್ಷೆಗಳಲ್ಲಿ ಒಂದೇ ಜಾಗಕ್ಕೆ ಹಲವು ಬಾರಿ ಹೋಗುವುದು ರೂಢಿಯಾಗಿದೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಎರಡೂ ಕಡೆ ಮೀಸಲು ಅರಣ್ಯವಿದೆ. ಮಾದರಿ ಮಾಡುವವರ ಲೆಕ್ಕದಲ್ಲಿ ನಮ್ಮ ತೋಟ ಕಾಡೋ, ಕಾಡಲ್ಲವೋ? ಆನೆಗಳು ಬರುತ್ತಲೇ ಇರುತ್ತವೆ. ಹಾಗೆಂದು ಇದನ್ನು ‘ಕಾರಿಡಾರ್’ ಎಂದು ಕರೆದುಬಿಡುತ್ತಾರೆಯೇ?
*– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು*

ಉತ್ತರ: ಎರಡು ಕಾಡುಗಳ ನಡುವಿನ ನೆಲ ಹೇಗಿದೆ ಎಂಬುದೇ ಈಗಿನ ಮಾದರಿಗಳ ಮುಖ್ಯ ಕಾಳಜಿಯಾಗಿದೆ. ಆ ನೆಲವನ್ನು ಕಾಡು, ಕಾಡಲ್ಲದ್ದು ಎಂದು ಎರಡೇ ಬಣ್ಣದಲ್ಲಿ ಬರೆಯುವ ಪದ್ಧತಿ ಹಿಂದೆ ಬಿದ್ದಿದೆ. ಅದರ ಬದಲು ಇಡೀ ನಕ್ಷೆಯನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದು ‘ತಡೆ’ಯ ಬೆಲೆಯನ್ನು, ಅಂದರೆ ಪ್ರಾಣಿಗೆ ಅದನ್ನು ದಾಟುವುದು ಎಷ್ಟು ಕಷ್ಟ ಎಂಬ ಅಂಕಿಯನ್ನು, ಕೊಡುತ್ತಾರೆ. ನಿತ್ಯಹರಿದ್ವರ್ಣ ಕಾಡಿಗೆ 1, ನೆರಳುಮರಗಳಿರುವ ಕಾಫಿ ತೋಟಕ್ಕೆ 5, ಬಯಲು ಗದ್ದೆಗೆ 20, ಊರಿಗೆ 100 ಎಂಬಂತೆ. ಈ ಅಂಕಿಗಳು ವಿವರಣೆಗಾಗಿ ನಾನು ಹಾಕಿಕೊಂಡವು. ಒಂದೊಂದು ಪ್ರಾಣಿಗೂ ಈ ಬೆಲೆಪಟ್ಟಿ ಬೇರೆ. ದಟ್ಟ ನೆರಳಿನ ತೋಟ ಆನೆಗೆ ಕಾಡಿನಷ್ಟೇ ಸುಲಭವಾಗಿರಬಹುದು, ಕಾಡಿನ ಹಲವು ಹಕ್ಕಿಗಳಿಗೂ ಅದು ಆಸರೆಯಾಗಬಹುದು. ಅದೇ ತೋಟದ ಮರಗಳನ್ನು ಕಡಿದು ಸಿಲ್ವರ್ ಓಕ್ ಮಾತ್ರ ಉಳಿಸಿದರೆ, ಆನೆಯ ಮಟ್ಟಿಗೆ ಬೆಲೆ ಅಷ್ಟೇನೂ ಬದಲಾಗದಿದ್ದರೂ ಹಣ್ಣು ತಿನ್ನುವ ಹಕ್ಕಿಯ ಮಟ್ಟಿಗೆ ಬಹಳ ಏರಬಹುದು.

ಹೀಗೆ ಬೆಲೆ ಕಟ್ಟಿದ ನಕ್ಷೆಯ ಮೇಲೆ ಎರಡು ಬಗೆಯ ಲೆಕ್ಕಗಳು ನಡೆಯುತ್ತವೆ. ಮೊದಲನೆಯದು ಒಂದು ಕಾಡಿನಿಂದ ಇನ್ನೊಂದಕ್ಕೆ ಒಟ್ಟು ತಡೆ ಅತಿ ಕಡಿಮೆ ಇರುವ ದಾರಿಯನ್ನು ಹುಡುಕುವುದು. ಇದರಲ್ಲಿ ಒಂದು ದೋಷವಿದೆ: ಪ್ರಾಣಿಯು ಇಡೀ ನಕ್ಷೆಯನ್ನು ಮೊದಲೇ ಅರಿತು ಅತ್ಯುತ್ತಮವಾದ ಒಂದೇ ದಾರಿಯನ್ನು ಆರಿಸಿಕೊಳ್ಳುತ್ತದೆ ಎಂಬ ಭಾವನೆ ಇದರೊಳಗೆ ಅಡಗಿದೆ. ಹುಟ್ಟಿದ ಜಾಗವನ್ನು ಬಿಟ್ಟು ಮೊದಲ ಬಾರಿಗೆ ಹೊರಟ ಗಂಡು ಹುಲಿಗೆ ಆ ಅರಿವು ಎಲ್ಲಿಂದ ಬರಬೇಕು? ಎರಡನೆಯ ಬಗೆಯನ್ನು ಬ್ರಾಡ್ ಮ್ಯಾಕ್‌ರೇ 2006ರಲ್ಲಿ ವಿದ್ಯುತ್ ಮಂಡಲದ ಗಣಿತದಿಂದ ತಂದರು. ಒಂದು ಕಾಡಿನಲ್ಲಿ ವಿದ್ಯುತ್ತನ್ನು ಹರಿಯಬಿಟ್ಟು ಇನ್ನೊಂದರಲ್ಲಿ ಹೊರತೆಗೆದರೆ ಅದು ಎಲ್ಲ ದಾರಿಗಳಲ್ಲೂ ತಡೆಗೆ ತಕ್ಕಷ್ಟು ಹಂಚಿಕೊಂಡು ಹರಿಯುತ್ತದೆ. ಅಲೆಯುತ್ತ ಸಾಗುವ ಪ್ರಾಣಿಯ ನಡೆಯನ್ನೂ ಅದೇ ಸಮೀಕರಣಗಳಿಂದ ಲೆಕ್ಕ ಹಾಕಬಹುದು. ಈ ಲೆಕ್ಕದಲ್ಲಿ ಹಲವು ದಾರಿಗಳಿದ್ದರೆ ಸಂಪರ್ಕ ಗಟ್ಟಿ. ಎಲ್ಲ ಹರಿವೂ ಒಂದೇ ಇಕ್ಕಟ್ಟಾದ ಜಾಗದಲ್ಲಿ ನುಗ್ಗುತ್ತಿದ್ದರೆ ಆ ಜಾಗ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಅದರ ಪೂರ್ವದ ಮಲೆಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಕೂಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್ ಅಂಥ ಇಕ್ಕಟ್ಟಿನ ಜಾಗ. ಅಲ್ಲಿ ಸಂರಕ್ಷಣಾ ಸಂಸ್ಥೆಯೊಂದು ರೈತರಿಂದ ಸುಮಾರು 25 ಎಕರೆ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ವಿಸ್ತೀರ್ಣದ ದೃಷ್ಟಿಯಿಂದ ಲೆಕ್ಕಕ್ಕೇ ಬಾರದ ಈ ತುಂಡು ಭೂಮಿಯ ಮಹತ್ವ ಅದು ಇರುವ ಜಾಗದಲ್ಲಿದೆ.

ತಡೆಯ ಬೆಲೆಗಳನ್ನು ಯಾರು ನಿರ್ಧರಿಸುತ್ತಾರೆ ಎಂದು ನೀವು ಕೇಳಬೇಕಾಗಿತ್ತು, ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಈ ವಿದ್ಯೆಯ ಅತ್ಯಂತ ದುರ್ಬಲ ಭಾಗ ಅದೇ. ಬಹಳ ಕಾಲ ಅವು ತಜ್ಞರ ಅಂದಾಜುಗಳಾಗಿದ್ದವು. ಈಗ ರೇಡಿಯೊ ಕಾಲರ್ ತೊಟ್ಟ ಪ್ರಾಣಿಗಳು ನಿಜವಾಗಿ ಎಲ್ಲಿ ನಡೆದವು ಎಂಬುದರಿಂದ ಅವುಗಳನ್ನು ತೆಗೆಯಲಾಗುತ್ತದೆ. 2019ರಲ್ಲಿ ಮಹಾರಾಷ್ಟ್ರದ ಟಿಪೇಶ್ವರ ಅಭಯಾರಣ್ಯದಿಂದ ಹೊರಟ ಕಾಲರ್ ಹಾಕಿದ ಎಳೆಯ ಗಂಡು ಹುಲಿಯೊಂದು ಹೊಲಗದ್ದೆಗಳ ನಡುವೆ, ತೆಲಂಗಾಣದ ಗಡಿಯನ್ನೂ ದಾಟುತ್ತ, 1,300 ಕಿಲೋಮೀಟರಿಗೂ ಹೆಚ್ಚು ನಡೆದು ಜ್ಞಾನಗಂಗಾ ಅಭಯಾರಣ್ಯವನ್ನು ಸೇರಿತು. ಕೃಷಿಭೂಮಿ ಹುಲಿಗೆ ಪೂರ್ಣ ಗೋಡೆಯಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು, ಆದರೆ ಒಂದು ಹುಲಿಯ ಸಾಹಸದಿಂದ ಎಲ್ಲ ಹುಲಿಗಳ ಬೆಲೆಪಟ್ಟಿ ತಯಾರಾಗುವುದಿಲ್ಲ. ಆದ್ದರಿಂದ ಮೂರನೆಯ ದಾರಿಯಾಗಿ ವಂಶವಾಹಿಗಳನ್ನು ನೋಡುತ್ತಾರೆ. ಹಿಕ್ಕೆಯಿಂದ ಡಿಎನ್‌ಎ ತೆಗೆದು ಬೇರೆ ಬೇರೆ ಕಾಡುಗಳ ಹುಲಿಗಳು ಎಷ್ಟು ಹತ್ತಿರದ ಸಂಬಂಧಿಗಳು ಎಂದು ಅಳೆದು, ಯಾವ ಬೆಲೆಪಟ್ಟಿಯನ್ನು ಇಟ್ಟರೆ ಈ ಸಂಬಂಧಗಳು ಸರಿಹೊಂದುತ್ತವೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಮಧ್ಯಭಾರತದ ಹುಲಿಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಇಂಥ ಕೆಲಸ ಮಾಡಿದಾಗ, ಹೆಚ್ಚಿನ ತಡೆ ಕಂಡುಬಂದದ್ದು ಜನವಸತಿಗಳಲ್ಲಿ ಮತ್ತು ವಾಹನ ದಟ್ಟಣೆಯ ರಸ್ತೆಗಳಲ್ಲಿ.

ನಿಮ್ಮ ತೋಟದ ವಿಷಯಕ್ಕೆ ಮರಳಿದರೆ, ಆನೆ ಬರುತ್ತದೆ ಎಂಬುದೂ ಆ ಜಾಗ ಕಾರಿಡಾರ್ ಎಂಬುದೂ ಒಂದೇ ಅಲ್ಲ. ಕಾರಿಡಾರ್ ಎಂದರೆ ಹಾದುಹೋಗುವ ದಾರಿ. ಸಕಲೇಶಪುರ, ಆಲೂರು ಭಾಗದ ಎಷ್ಟೋ ಆನೆಗಳು ಹಾದುಹೋಗುತ್ತಿಲ್ಲ, ತೋಟಗಳಲ್ಲೇ ತಂಗುತ್ತಿವೆ, ಮರಿ ಹಾಕುತ್ತಿವೆ. ಚಲನೆಯ ತಡೆಯನ್ನು ಮಾತ್ರ ಲೆಕ್ಕಿಸುವ ಮಾದರಿಗೆ ನಿಮ್ಮ ತೋಟ ಕಡಿಮೆ ಬೆಲೆಯ, ಅಂದರೆ ಒಳ್ಳೆಯ ಚೌಕವಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಆನೆಗೂ ಮನುಷ್ಯನಿಗೂ ಸಾವಿನ ಅಪಾಯ ಹೆಚ್ಚು ಎಂಬುದನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ಆ ನಕ್ಷೆ ದಾರಿ ತಪ್ಪಿಸುತ್ತದೆ. ನಡೆಯಲು ಸುಲಭ, ಬದುಕಲು ಕಷ್ಟ ಎಂಬ ಜಾಗಗಳು ಪ್ರಾಣಿಯನ್ನು ಸೆಳೆದು ಕಳೆಯುತ್ತವೆ. ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಆನೆಗೆ ಆದ್ಯತೆ ನೀಡುವ, ಸಹಬಾಳ್ವೆ ಸಾಧ್ಯವಿರುವ, ಆನೆಗಳನ್ನು ತೆರವು ಮಾಡಬೇಕಾದ ವಲಯಗಳೆಂದು ನೆಲವನ್ನು ಮೂರಾಗಿ ನೋಡಿದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ಸಂಪರ್ಕ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಕಡೆಯೂ ಸಂಪರ್ಕವನ್ನು ಪೋಷಿಸಬೇಕೆಂದು ನನಗೂ ಅನ್ನಿಸುವುದಿಲ್ಲ. ಇನ್ನೊಂದು ಮಾತು: ಆನೆ ಕಂದಕ, ಸೋಲಾರ್ ಬೇಲಿ, ರೈಲು ಕಂಬಿಗಳ ತಡೆಗೋಡೆ ಇವು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ. ಆನೆಗೆ ನಿಜವಾದ ತಡೆ ಅವೇ. ಅವುಗಳನ್ನು ಕಾಲ್ನಡಿಗೆಯಲ್ಲಿ ಗುರುತಿಸಿ ಸೇರಿಸಿದ್ದಾರೆಯೇ ಎಂದು ನಿಮ್ಮಂಥ ಸ್ಥಳೀಯರೇ ಕೇಳಬೇಕು.

ಪ್ರಶ್ನೆ: ಹುಲಿಗಾಗಿ ಗುರುತಿಸಿದ ಕಾರಿಡಾರನ್ನು ಕಾಪಾಡಿದರೆ ಉಳಿದ ಪ್ರಾಣಿಗಳೆಲ್ಲ ತಾವಾಗಿಯೇ ಉಳಿಯುತ್ತವೆಯೇ?
*– ಓದುಗರು, ಸಾಗರ*

ಉತ್ತರ: ಕೆಲವು ಉಳಿಯುತ್ತವೆ, ಎಲ್ಲವೂ ಅಲ್ಲ. ನಿಮ್ಮ ಶರಾವತಿ ಕಣಿವೆಯಲ್ಲಿ ಏಳೆಂಟು ಮೀಟರ್ ಅಗಲದ ರಸ್ತೆಯನ್ನು ಹುಲಿ ಕ್ಷಣದಲ್ಲಿ ದಾಟುತ್ತದೆ. ಅದೇ ರಸ್ತೆಯ ಮೇಲೆ ಎರಡೂ ಬದಿಯ ಮರಗಳ ಕೊಂಬೆಗಳು ಕೂಡದಿದ್ದರೆ ಸಿಂಗಳೀಕದ ಗುಂಪಿಗೆ ಅದು ಗಡಿ. 30 ಮೀಟರ್ ಚೌಕಗಳ ಉಪಗ್ರಹ ನಕ್ಷೆಯಲ್ಲಿ ಈ ರಸ್ತೆ ಎಷ್ಟೋ ಸಲ ಕಾಡಿನ ಬಣ್ಣದಲ್ಲೇ ಮುಚ್ಚಿಹೋಗಿರುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವಿನ ತುಣುಕು ಕಾಡಿನಲ್ಲಿ ಉಳಿದ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ ದಾಟುವುದನ್ನೂ ಮನೆಗಳಿಗೆ ನುಗ್ಗುವುದನ್ನೂ ಕಲಿತವು. ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ಅಲ್ಲಿ ಮರದಿಂದ ಮರಕ್ಕೆ ಹಗ್ಗ, ಪಟ್ಟಿಗಳ ಸೇತುವೆಗಳನ್ನು ಕಟ್ಟಬೇಕಾಯಿತು. ಕಪ್ಪೆಗೆ ತೇವದ ನೆಲ ಬೇಕು, ಮಂಗಟ್ಟೆಗೆ ಹಣ್ಣಿನ ಮರವೂ ಪೊಟರೆಯಿರುವ ಹಳೆಯ ಮರವೂ ಬೇಕು. ಒಂದೇ ಕಣಿವೆಗೆ ಒಂದೊಂದು ಜೀವಿಯ ಹೆಸರಿನಲ್ಲಿ ಒಂದೊಂದು ನಕ್ಷೆ ಬೇಕಾಗುತ್ತದೆ.

ಪ್ರಶ್ನೆ: ಒಂದೇ ದೊಡ್ಡ ಕಾಡನ್ನು ಉಳಿಸುವುದು ಮೇಲೋ, ಅಷ್ಟೇ ವಿಸ್ತೀರ್ಣದ ಹಲವು ಸಣ್ಣ ಕಾಡುಗಳನ್ನು ಉಳಿಸುವುದು ಮೇಲೋ? ಪಠ್ಯದಲ್ಲಿ ಎರಡೂ ಅಭಿಪ್ರಾಯಗಳಿವೆ.
*– ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ*

ಉತ್ತರ: 1970ರ ದಶಕದಿಂದ ನಡೆದಿರುವ ಈ ಜಗಳ ಮುಗಿಯದಿರಲು ಕಾರಣ, ಎರಡು ಪ್ರಶ್ನೆಗಳು ಒಂದರೊಳಗೆ ಬೆರೆತುಹೋಗಿರುವುದು. ಕಾಡು ಕಡಿಮೆಯಾಗುವುದು ಒಂದು, ಉಳಿದ ಕಾಡು ಚೂರುಚೂರಾಗಿ ಹಂಚಿಹೋಗುವುದು ಇನ್ನೊಂದು. ವಾಸ್ತವದಲ್ಲಿ ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ, ಹಾಗಾಗಿ ಹಾನಿಯನ್ನು ಯಾವುದರ ಲೆಕ್ಕಕ್ಕೆ ಹಾಕಬೇಕೆಂಬುದು ಸುಲಭವಾಗಿ ತಿಳಿಯುವುದಿಲ್ಲ. ಕೆನಡಾದ ಲೆನೋರ್ ಫಾರಿಗ್ 2013ರಲ್ಲಿ ಮಂಡಿಸಿದ ವಾದದ ಪ್ರಕಾರ, ಒಂದು ಜಾಗದ ಸುತ್ತಲಿನ ನಿರ್ದಿಷ್ಟ ಪರಿಧಿಯಲ್ಲಿ ಒಟ್ಟು ಎಷ್ಟು ಆವಾಸವಿದೆ ಎಂಬುದೇ ಅಲ್ಲಿನ ಪ್ರಭೇದಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ, ಅದು ಒಂದೇ ತುಣುಕಿನಲ್ಲಿದೆಯೋ ಹತ್ತರಲ್ಲಿದೆಯೋ ಎಂಬುದು ಗೌಣ. ಹಲವರು ಇದನ್ನು ಬಲವಾಗಿ ವಿರೋಧಿಸಿದ್ದಾರೆ. ಸಣ್ಣ ತುಣುಕುಗಳನ್ನು ಕಸವೆಂದು ಎಸೆಯಬಾರದು ಎಂಬ ಮಟ್ಟಿಗೆ ಫಾರಿಗ್ ಅವರ ಮಾತು ಸರಿ ಎನ್ನುವುದು ನನ್ನ ಅಭಿಪ್ರಾಯ. ಕೊಡಗಿನ 1,200ಕ್ಕೂ ಹೆಚ್ಚಿನ ದೇವರಕಾಡುಗಳಲ್ಲಿ ಹೆಚ್ಚಿನವು ಬಹಳ ಚಿಕ್ಕವು, ಆದರೂ ಮರ, ಹಕ್ಕಿ, ಅಣಬೆಗಳ ಸಮೀಕ್ಷೆಗಳಲ್ಲಿ ಅವು ತಮ್ಮ ಅಳತೆಗೆ ಮೀರಿದ ವೈವಿಧ್ಯವನ್ನು ತೋರಿಸಿವೆ. ಸುತ್ತಲೂ ಮರಗಳಿರುವ ಕಾಫಿ ತೋಟ ಇರುವುದು ಅದಕ್ಕೆ ಒಂದು ಕಾರಣ. ಆದರೆ ಆನೆಯ ಹಿಂಡಿಗೋ ಹುಲಿಯ ಸಂಸಾರಕ್ಕೋ ಸಾವಿರ ದೇವರಕಾಡುಗಳನ್ನು ಕೂಡಿಸಿದರೂ ಒಂದು ನಾಗರಹೊಳೆಯಾಗುವುದಿಲ್ಲ.

ಹಂಚಿಕೆ ಯಾವಾಗ ಮುಖ್ಯವಾಗುತ್ತದೆ ಎಂಬುದಕ್ಕೆ ಭೌತವಿಜ್ಞಾನದಿಂದ ಬಂದ ಒಂದು ಲೆಕ್ಕವನ್ನು ನೀವೇ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಚೌಕಗಳ ಜಾಲವೊಂದರಲ್ಲಿ ಕೆಲವು ಚೌಕಗಳನ್ನು ಯಾದೃಚ್ಛಿಕವಾಗಿ ಕಾಡೆಂದು ಗುರುತಿಸಿ. ಪ್ರಾಣಿ ಮೇಲೆ, ಕೆಳಗೆ, ಎಡ, ಬಲ ಈ ನಾಲ್ಕು ಕಡೆಯ ಚೌಕಗಳಿಗೆ ಮಾತ್ರ ಹೋಗಬಲ್ಲದು ಎಂದಾದರೆ, ಕಾಡು ನೂರಕ್ಕೆ ಸುಮಾರು 59ಕ್ಕಿಂತ ಕಡಿಮೆಯಾದಾಗ ಜಾಲದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಹಠಾತ್ತನೆ ಕಡಿದುಹೋಗುತ್ತದೆ. ಮೂಲೆಯಿಂದ ಮೂಲೆಗೂ ಜಿಗಿಯಬಲ್ಲ ಪ್ರಾಣಿಗಾದರೆ ಆ ಮಿತಿ ಸುಮಾರು 41ಕ್ಕೆ ಇಳಿಯುತ್ತದೆ. ನಕ್ಷೆ ಅದೇ, ಕಾಡಿನ ಪ್ರಮಾಣವೂ ಅದೇ, ಆದರೂ ನೂರಕ್ಕೆ 50ರಷ್ಟು ಕಾಡಿರುವ ನೆಲ ಒಂದು ಪ್ರಾಣಿಗೆ ಅಖಂಡ, ಇನ್ನೊಂದಕ್ಕೆ ಚೂರುಚೂರು. ನಿಜವಾದ ಕಾಡು ಯಾದೃಚ್ಛಿಕವಾಗಿ ಹರಡಿರುವುದಿಲ್ಲವಾದ್ದರಿಂದ ಈ ಅಂಕಿಗಳನ್ನು ಯಾವುದೇ ಜಿಲ್ಲೆಗೆ ನೇರವಾಗಿ ಅನ್ವಯಿಸಬೇಡಿ. ಕಾಡು ಇನ್ನೂ ಧಾರಾಳವಾಗಿರುವಾಗ ಹಂಚಿಕೆಯ ಪಾತ್ರ ಕಡಿಮೆ, ಒಂದು ಮಿತಿಯ ಹತ್ತಿರ ಬಂದಾಗ ಒಂದೊಂದು ತುಣುಕಿನ ಸ್ಥಾನವೂ ನಿರ್ಣಾಯಕ ಎಂಬಷ್ಟನ್ನು ಉಳಿಸಿಕೊಂಡರೆ ಸಾಕು.

ಪ್ರಶ್ನೆ: ಬಂಡೀಪುರದ ಹೆದ್ದಾರಿಯಲ್ಲಿ ಹೋಗುವಾಗ ಜಿಂಕೆ, ಆನೆ, ಲಂಗೂರ್ ಕಾಣುತ್ತಲೇ ಇರುತ್ತವೆ. ರಸ್ತೆಯಿಂದ ಕಾಡು ತುಂಡಾಗಿದೆ, ಪ್ರಾಣಿಗಳಿಗೆ ಹಾನಿಯಾಗಿದೆ ಎನ್ನುವುದು ಅತಿಶಯೋಕ್ತಿಯಲ್ಲವೇ?
*– ಓದುಗರು, ಗುಂಡ್ಲುಪೇಟೆ*

ಉತ್ತರ: ರಸ್ತೆಯ ಪಕ್ಕ ಪೊದೆ ಕಡಿದಲ್ಲಿ ಹೊಸ ಹುಲ್ಲು ಚಿಗುರುತ್ತದೆ, ಜಿಂಕೆ ಅಲ್ಲಿಗೆ ಬರುತ್ತದೆ. ಆದ್ದರಿಂದ ರಸ್ತೆಯಿಂದ ಕಂಡದ್ದರ ಆಧಾರದ ಮೇಲೆ ಕಾಡಿನ ಒಳಗಿನ ಲೆಕ್ಕ ಹೇಳಲಾಗದು, ಮತ್ತು ರಸ್ತೆಯನ್ನು ಕಂಡರೆ ದೂರ ಸರಿಯುವ ಪ್ರಾಣಿಗಳು ನಿಮಗೆ ಕಾಣುವುದೇ ಇಲ್ಲ.

ರಸ್ತೆಯ ಮಾದರಿಗಳಲ್ಲಿ ಅತಿ ಸರಳವಾದದ್ದು ಹೀಗಿದೆ. ವಾಹನಗಳು ಅನಿಯತವಾಗಿ ಬರುತ್ತವೆ, ಪ್ರಾಣಿ ಅತ್ತಿತ್ತ ನೋಡದೆ ದಾಟುತ್ತದೆ ಎಂದು ಭಾವಿಸಿ. ನಿಧಾನವಾಗಿ ಸಾಗುವ ಜೀವಿಯೊಂದು ವಾಹನಗಳ ಚಕ್ರ ಹಾಯುವ ಭಾಗವನ್ನು ದಾಟಲು 30 ಸೆಕೆಂಡು ತೆಗೆದುಕೊಂಡರೆ, ಗಂಟೆಗೆ 60 ವಾಹನಗಳಿರುವಾಗ ಅದು ಸುರಕ್ಷಿತವಾಗಿ ದಾಟುವ ಸಂಭವ ನೂರಕ್ಕೆ 61. ಗಂಟೆಗೆ 300 ವಾಹನಗಳಾದರೆ ನೂರಕ್ಕೆ 8 ಮಾತ್ರ. ವಾಹನ ಐದು ಪಟ್ಟಾದರೆ ಬದುಕುವ ಸಂಭವ ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ ಎಂಬುದನ್ನು ಗಮನಿಸಿ. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧಿಸಿದ 2009ರ ಆದೇಶವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ ಸಂಚರಿಸುವ ಪ್ರಾಣಿಗಳ ಮಟ್ಟಿಗೆ ಈ ಆದೇಶದಿಂದ ರಸ್ತೆ ಇದ್ದಲ್ಲೇ ಇದ್ದರೂ ತಡೆಯ ಬೆಲೆ ಇಳಿಯಿತು.

ಹಾನಿ ತಕ್ಷಣ ಕಾಣುವುದಿಲ್ಲ ಎಂಬುದು ನಿಮ್ಮ ಸಂಶಯಕ್ಕೆ ಇನ್ನೂ ಮುಖ್ಯವಾದ ಉತ್ತರ. ಬ್ರೆಜಿಲಿನ ಮನಾವ್ಸ್ ನಗರದ ಉತ್ತರಕ್ಕೆ ಥಾಮಸ್ ಲವ್‌ಜಾಯ್ 1979ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಜಾನುವಾರು ಸಾಕಣೆಗೆಂದು ಕಾಡು ಕಡಿಯುವಾಗ 1, 10 ಮತ್ತು 100 ಹೆಕ್ಟೇರ್‌ಗಳ ತುಣುಕುಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡು, ಕಡಿಯುವ ಮುಂಚಿನಿಂದಲೇ ಅವುಗಳ ಜೀವಿಗಳನ್ನು ದಾಖಲಿಸುತ್ತ ಬಂದಿದ್ದಾರೆ. 100 ಹೆಕ್ಟೇರಿನ ತುಣುಕುಗಳಲ್ಲಿಯೂ ಕೆಳಸ್ತರದ ಹಕ್ಕಿಗಳಲ್ಲಿ ಅರ್ಧದಷ್ಟು ಪ್ರಭೇದಗಳು 15 ವರ್ಷಗಳೊಳಗೆ ಇಲ್ಲವಾಗುತ್ತವೆಂದು 2003ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಬಿಸಿಲು, ಗಾಳಿ ನುಗ್ಗಿ ಅಂಚಿನ ದೊಡ್ಡ ಮರಗಳು ಸಾಯುವುದು ಕಾರಣಗಳಲ್ಲೊಂದು. ಅಂಚಿನ ಪ್ರಭಾವ 100 ಮೀಟರ್ ಒಳಗೆ ಬರುತ್ತದೆಂದರೆ, ಚೌಕಾಕಾರದ 100 ಹೆಕ್ಟೇರಿನಲ್ಲಿ 64 ಹೆಕ್ಟೇರ್ ಒಳಗಾಡು ಉಳಿಯುತ್ತದೆ, 10 ಹೆಕ್ಟೇರಿನಲ್ಲಿ ಒಂದೂಕಾಲು ಹೆಕ್ಟೇರಿನ ಆಸುಪಾಸು, 1 ಹೆಕ್ಟೇರಿನಲ್ಲಿ ಏನೂ ಇಲ್ಲ. ಥಾಯ್ಲೆಂಡಿನ ಜಲಾಶಯವೊಂದರಲ್ಲಿ ಮುಳುಗದೆ ಉಳಿದ ಗುಡ್ಡಗಳು 1980ರ ದಶಕದಲ್ಲಿ ದ್ವೀಪಗಳಾದವು. ಸುಮಾರು 25 ವರ್ಷಗಳ ನಂತರ ನೋಡಿದಾಗ ಅಲ್ಲಿನ ಮೂಲನಿವಾಸಿ ಸಣ್ಣ ಸಸ್ತನಿಗಳು ಬಹುತೇಕ ಅಳಿದುಹೋಗಿದ್ದವು.

ಆಯಸ್ಸು ಹೆಚ್ಚಿರುವ ಜೀವಿಗಳಲ್ಲಿ ಈ ವಿಳಂಬ ಇನ್ನೂ ದೀರ್ಘ. ಆನೆ ಆರು ದಶಕ ಬದುಕುತ್ತದೆ, ಮರ ಶತಮಾನಗಳ ಕಾಲ ನಿಲ್ಲುತ್ತದೆ. ಮುಂದಿನ ಪೀಳಿಗೆ ಬರುತ್ತಿಲ್ಲವಾದರೂ ಈಗಿನ ಪೀಳಿಗೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಅಳಿವಿನ ಸಾಲ ಎಂದು ಕರೆದರು: ಕಾಡನ್ನು ಕಡಿದವರು ಒಬ್ಬರು, ತೀರಿಸುವವರು ಮುಂದೆ ಬರುವವರು.

ಪ್ರಶ್ನೆ: ಇಷ್ಟೆಲ್ಲ ಊಹೆಗಳ ಮೇಲೆ ನಿಂತ ಲೆಕ್ಕವನ್ನು ನಂಬುವುದು ಹೇಗೆ? ಸರಿಯೋ ತಪ್ಪೋ ಎಂದು ಯಾರು, ಹೇಗೆ ಪರೀಕ್ಷಿಸುತ್ತಾರೆ?
*– ನಿವೃತ್ತ ಗಣಿತ ಅಧ್ಯಾಪಕರು, ಮೈಸೂರು*

ಉತ್ತರ: ಗಣಿತದ ಅಧ್ಯಾಪಕರಾದ ತಮಗೆ ಗೊತ್ತಿರುವಂತೆ, ಸೂತ್ರ ತಾನು ಹುಟ್ಟಿದ ಅಂಕಿಅಂಶಗಳಿಗೆ ಹೊಂದಿಕೊಂಡರೆ ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಪರೀಕ್ಷೆ ನಡೆಯಬೇಕಾದದ್ದು ಮಾದರಿ ಕಂಡಿರದ ಅಂಕಿಅಂಶಗಳ ಮೇಲೆ. ಕಾಲರ್‌ಗಳಿಂದ ತೆಗೆದ ತಡೆಯ ನಕ್ಷೆಯನ್ನು ವಂಶವಾಹಿಗಳ ಮೂಲಕ, ವಂಶವಾಹಿಗಳಿಂದ ತೆಗೆದದ್ದನ್ನು ಕ್ಯಾಮೆರಾ ಟ್ರ್ಯಾಪ್‌ಗಳ ಮೂಲಕ ಪರೀಕ್ಷಿಸುವುದು ಒಂದು ಕ್ರಮ. ಹುಲಿಯ ಪಟ್ಟೆಗಳು ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಒಂದು ಕಾಡಿನಲ್ಲಿ ಚಿತ್ರಕ್ಕೆ ಸಿಕ್ಕ ಹುಲಿ ಇನ್ನೊಂದು ಕಾಡಿನಲ್ಲಿ ಮತ್ತೆ ಸಿಕ್ಕರೆ ಆ ದಾರಿಯ ಬಗ್ಗೆ ಮಾದರಿ ಏನು ಹೇಳಿತ್ತೆಂದು ಒರೆಹಚ್ಚಿ ನೋಡಬಹುದು.

ಒಡಿಶಾದ ಸಿಮ್ಲಿಪಾಲ್ ಇಂಥ ಪರೀಕ್ಷೆಗೆ ಅಪರೂಪದ ಅವಕಾಶವನ್ನು ಒದಗಿಸಿತು. ಅಲ್ಲಿನ ಕೆಲವು ಹುಲಿಗಳ ಕಪ್ಪು ಪಟ್ಟೆಗಳು ಒಂದರೊಳಗೊಂದು ಸೇರಿ ಮೈ ಬಹುಪಾಲು ಕಪ್ಪಾಗಿ ಕಾಣುತ್ತದೆ. ಒಂದೇ ಒಂದು ವಂಶವಾಹಿಯ ರೂಪಾಂತರ ಇದಕ್ಕೆ ಕಾರಣವೆಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿನಯ್ ಸಾಗರ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ಬೇರೆ ಕಾಡುಗಳ ಹುಲಿಗಳಲ್ಲಿ ಸಿಗದ ಈ ರೂಪಾಂತರ ಸಿಮ್ಲಿಪಾಲ್‌ನಲ್ಲಿ ಇಷ್ಟು ಸಾಮಾನ್ಯವಾದದ್ದು ಹೇಗೆ? ಕೆಲವೇ ಹುಲಿಗಳಿಂದ ಬೆಳೆದು, ಹೊರಗಿನ ಹುಲಿಗಳು ಬಂದು ಸೇರದೆ ಉಳಿದ ಒಂದು ಸಣ್ಣ ಸಂತತಿಯನ್ನು ಕಂಪ್ಯೂಟರಿನಲ್ಲಿ ಪೀಳಿಗೆಯಿಂದ ಪೀಳಿಗೆಗೆ ನಡೆಸಿ ನೋಡಿದಾಗ, ಆಕಸ್ಮಿಕವಾಗಿಯೇ ಇಂಥ ರೂಪಾಂತರ ಹೆಚ್ಚಾಗಬಹುದೆಂದು ಕಂಡುಬಂತು. ಪ್ರವಾಸಿಗರಿಗೆ ವಿಸ್ಮಯವಾಗಿ ಕಾಣುವ ಕಪ್ಪು ಹುಲಿ, ಈ ಲೆಕ್ಕದ ಪ್ರಕಾರ ಒಂಟಿಯಾದ ಕಾಡಿನ ಲಕ್ಷಣ.

ಮತ್ತೊಂದು ಬಗೆಯ ಪರೀಕ್ಷೆ, ಮಾದರಿ ಹೇಳಿದ ಕಡೆ ಏನನ್ನಾದರೂ ಕಟ್ಟಿ ನೋಡುವುದು. ಕಾನ್ಹಾ ಮತ್ತು ಪೆಂಚ್ ಹುಲಿ ಮೀಸಲುಗಳ ಪ್ರದೇಶದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸಿದಾಗ, ದೀರ್ಘ ಕಾನೂನು ಹೋರಾಟದ ನಂತರ, ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ರಸ್ತೆಯ ಅಡಿಯಿಂದ ಹಾಯಲೆಂದು 50 ಮೀಟರಿನಿಂದ 750 ಮೀಟರಿನವರೆಗಿನ ಒಂಬತ್ತು ಕೆಳದಾರಿಗಳನ್ನು ನಿರ್ಮಿಸಲಾಯಿತು. ಕ್ಯಾಮೆರಾಗಳಲ್ಲಿ ಹುಲಿ, ಸೀಳುನಾಯಿ, ಜಿಂಕೆ, ಕಾಡುಹಂದಿ ಎಲ್ಲವೂ ಅವುಗಳನ್ನು ಬಳಸುವುದು ಕಂಡಿದೆ. ಆದರೂ ಕೆಳದಾರಿಯಲ್ಲಿ ಹುಲಿಯ ಚಿತ್ರ ಸಿಕ್ಕಿತೆಂದರೆ ಸಂಪರ್ಕ ಉಳಿಯಿತೆಂದಲ್ಲ. ಆಚೆ ಹೋದ ಹುಲಿ ಅಲ್ಲಿ ನೆಲೆಸಿ ಮರಿಗಳನ್ನು ಪಡೆದಾಗ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು.

ಮಾದರಿಗಳನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದರೆ, ನನ್ನ ಅನುಭವದಲ್ಲಿ ಅವು ‘ಇನ್ನು 50 ವರ್ಷಗಳಲ್ಲಿ ಇಷ್ಟು ಪ್ರಾಣಿಗಳು ಉಳಿಯುತ್ತವೆ’ ಎಂದು ಹೇಳುವುದರಲ್ಲಿ ದುರ್ಬಲ, ‘ಈ ಮೂರು ರಸ್ತೆಗಳ ಪೈಕಿ ಹಾನಿ ಹೆಚ್ಚು ಯಾವುದರಿಂದ’ ಎಂದು ಹೋಲಿಸಿ ಹೇಳುವುದರಲ್ಲಿ ಸಾಕಷ್ಟು ಗಟ್ಟಿ. ಊಹೆಯ ಬೆಲೆಗಳನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಮೊದಲಿನ ಅಂಕಿ ಎಲ್ಲಿಂದೆಲ್ಲಿಗೋ ಹೋಗಬಹುದು, ಎರಡನೆಯದರಲ್ಲಿ ಬರುವ ಹೆಚ್ಚು ಕಡಿಮೆಯ ಕ್ರಮ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಯಾವುದೇ ಯೋಜನೆಯ ಪರಿಸರ ವರದಿಯಲ್ಲಿ ಇಂಥ ನಕ್ಷೆ ತಮ್ಮ ಕಣ್ಣಿಗೆ ಬಿದ್ದರೆ ಇವಿಷ್ಟನ್ನು ಹುಡುಕಿ: ಇದು ಯಾವ ಪ್ರಾಣಿಗಾಗಿ ಮಾಡಿದ ನಕ್ಷೆ, ತಡೆಯ ಬೆಲೆಗಳು ಅಂದಾಜಿನವೋ ಅಳತೆಯವೋ, ಕಾಣದೆ ಉಳಿದ ಪ್ರಾಣಿಗಳ ಲೆಕ್ಕವನ್ನು ಸೇರಿಸಿದ್ದಾರೆಯೇ, ಬೆಲೆಗಳನ್ನು ಬದಲಿಸಿ ನೋಡಿದ ಫಲಿತಾಂಶವನ್ನು ಕೊಟ್ಟಿದ್ದಾರೆಯೇ. ಕೊನೆಯದು ಇಲ್ಲದ ವರದಿಯಲ್ಲಿ ಒಂದೇ ಒಂದು ಅಂಕಿಯನ್ನು, ಅದೂ ದಶಮಾಂಶ ಸ್ಥಾನಗಳ ಸಮೇತ, ಕೊಟ್ಟಿದ್ದರೆ ಅದನ್ನು ಬರೆದವರನ್ನು ತಾವು ನಿಸ್ಸಂಕೋಚವಾಗಿ ಪ್ರಶ್ನಿಸಬಹುದು. ಸಾರ್ವಜನಿಕ ಅಹವಾಲು ಸಭೆ ಇರುವುದು ಅದಕ್ಕಾಗಿಯೇ.